ಶೆಟ್ಟೆಪ್ಪನ ಮೀಸೆ ಮತ್ತು ನಾಲ್ಕು ಸುಳಿಯ ಹೋರಿ

ಘೋಡಗೇರಿಯ ಶೆಟ್ಟೆಪ್ಪನಿಗಿಂತ ಅವನ ಮೀಸೆಯೇ ಮೊದಲು ಮೂಡಲಗಿಯ ದನದ ಸಂತೆಗೆ ತಲುಪುತ್ತದೆ ಎಂದು ಜನ ಹೇಳುತ್ತಿದ್ದರು. ಆ ಮೀಸೆಯನ್ನು ಕಣ್ಣಾರೆ ಕಂಡವರು ಯಾರೂ ಈ ಮಾತನ್ನು ಅಲ್ಲಗಳೆದದ್ದಿಲ್ಲ. ಎರಡೂ ತುದಿ ಹೋರಿಯ ಕೊಂಬಿನಂತೆ ಮೇಲಕ್ಕೆ ತಿರುಗಿ, ಎಣ್ಣೆ ಕುಡಿದು ಮಿರುಗುತ್ತಿದ್ದವು. ಶೆಟ್ಟೆಪ್ಪ ದನದ ದಲಾಲ. ಹಲ್ಲು ನೋಡಿ ಹೋರಿಯ ವಯಸ್ಸು ಹೇಳುವನು, ಗೊರಸು ನೋಡಿ ನಡಿಗೆ ಹೇಳುವನು, ಮೈಮೇಲೆ ಕೂದಲು ಸುತ್ತಿಕೊಂಡ ಸುಳಿ ನೋಡಿ ಕೊಳ್ಳುವವನ ಮನೆತನದ ಭವಿಷ್ಯವನ್ನೇ ಹೇಳುವನು. ಅವನು ಆರಿಸಿ ಕೊಟ್ಟ ಹೋರಿ ನೊಗದಡಿ ಮುಗ್ಗರಿಸಿದ ಚರಿತ್ರೆಯೇ ಇಲ್ಲ.

ಇಂಥ ಮಹಾಪುರುಷನಿಗೆ ಆಪತ್ತು ಬಂದದ್ದು ಆಕಾಶದಿಂದ. ಸಂತೆಯ ವಿಡಿಯೋ ಮಾಡಲು ಬಂದ ಯಾರೋ ಒಂದು ಡ್ರೋನ್ ಹಾರಿಸಿದ. ಅದು ಹೋರಿಗಳ ತಲೆಯ ಮೇಲೆ ಗುಂಯ್ ಎಂದು ಹಾದುಹೋಯಿತು. ಹಾರಿಸುವವನು ಕಣ್ಣಿಗೆ ಡಬ್ಬಿಯಂಥ ದಪ್ಪ ಕನ್ನಡಕ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಡ್ರೋನಿನ ಕ್ಯಾಮೆರಾಗೆ ಕಂಡದ್ದೆಲ್ಲ ಕನ್ನಡಕದೊಳಗೆ ಕಾಣುತ್ತದಂತೆ, ತಾನೇ ಅದರ ಮೂಗಿನ ಮೇಲೆ ಕೂತು ಹಾರಿದ ಹಾಗೆ.

ಶೆಟ್ಟೆಪ್ಪ ತಲೆಯೆತ್ತಿ ನೋಡಿ ತೀರ್ಪು ಕೊಟ್ಟ: "ಬಡಕಲ ಐತಿ. ಮೇವು ಸಾಲವಲ್ದು."

ಬಾಜೂಕ್ಕೆ ಕೊಣ್ಣೂರಿನ ಮುತ್ತಪ್ಪ ನಿಂತಿದ್ದ. ಅವನೂ ದಲಾಲ, ಅವನದೂ ಸಣ್ಣ ಮೀಸೆಯಲ್ಲ. "ನೀ ನಾಕ್ ಕಾಲಿಂದಷ್ಟ ನೋಡಪಾ. ರೆಕ್ಕಿ ಇದ್ದದ್ದು ನಿನಗೇನ್ ತಿಳಿತೈತಿ?" ಎಂದು ನಕ್ಕ.

"ತಿಳಿಯೂದಿಲ್ಲಾ? ಲೇ ಮುತ್ತಪ್ಪಾ, ನಾನೂ ಒಂದ್ ಆರಿಸಿ ತರ್ತೇನಿ. ಆ ಬೇವಿನ ಗಿಡ ಸುತ್ತಿಸಿ ಹೊಳ್ಳಿ ನನ್ನ ಹಂತ್ಯಾಕ ತರ್ತೇನಿ. ನೆಲಕ್ಕ ಬಿತ್ತಂದ್ರ ಈ ಮೀಸಿ ಬೋಳಸ್ತೇನಿ!"

"ಬೀಳಲಿಲ್ಲಂದ್ರ ನಂದ ಬೋಳಸ್ತೇನಿ!"

ಸಂತೆ ಸ್ತಬ್ಧವಾಯಿತು. ಒಂದು ಎಮ್ಮೆ ಮಾತ್ರ, ಸಂದರ್ಭದ ಗಾಂಭೀರ್ಯ ತಿಳಿಯದೆ, ಸೆಗಣಿ ಹಾಕಿತು.

ಮರುದಿನ ಶೆಟ್ಟೆಪ್ಪ ಗೋಕಾಕಿಗೆ ದಂಡಯಾತ್ರೆ ಹೊರಟ. ಅಲ್ಲಿ ಅಜಿತನೆಂಬ ಯುವಕನ ಕ್ಯಾಮೆರಾ ಅಂಗಡಿ. ಅಜಿತ ಅಂಗೈಯಗಲದ ಒಂದು ಡ್ರೋನ್ ಮುಂದಿಟ್ಟ.

"ಕಾಕಾ, ಹೊಸಬರಿಗೆ ಇದ ಛಲೋರಿ. ರೆಕ್ಕಿ ಸುತ್ತ ಬಳಿ ಅದಾವ, ಗ್ವಾಡಿಗೆ ಬಡದ್ರೂ ಮುರಿಯೂದಿಲ್ಲ. ಆದ್ರ ಮದಲ ಕಂಪ್ಯೂಟರಿನ್ಯಾಗ ಆಟದಂಗ ಹಾರಿಸಿ ಕಲೀರಿ."

"ಚಿತ್ರದಾಗಿನ ಹೋರಿ ಹೂಡಿ ಯಾರರೆ ಹೊಲಾ ಉಳ್ತಾರೇನೋ ತಮ್ಮಾ?" ಎಂದ ಶೆಟ್ಟೆಪ್ಪ, ಡ್ರೋನನ್ನು ಎತ್ತಿ ಬುಡಮೇಲು ಮಾಡಿ ಬಾಯಿ ಹುಡುಕಿದ. "ಎಷ್ಟ್ ಹಲ್ಲಿಂದು?"

"ಬ್ಯಾಟರಿ ಅದಾವ್ರಿ, ಹಲ್ಲಿಲ್ಲ."

"ಹಂಗಾದ್ರ ಇನ್ನೂ ಕರಾ," ಎಂದು ಶೆಟ್ಟೆಪ್ಪ ಸಮಾಧಾನಪಟ್ಟ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಅಜಿತನ ಕೈ ಮೇಲೆ ಹೊದಿಸಿ, ಒಳಗಿಂದ ಅವನ ಬೆರಳು ಹಿಡಿದು ಒತ್ತತೊಡಗಿದ. ದನದ ಸಂತೆಯಲ್ಲಿ ದರ ಕುದುರಿಸುವುದು ಹೀಗೆಯೇ. ಬಾಯಿ ಹವಾಮಾನ ಮಾತಾಡುತ್ತದೆ, ಬೆರಳು ವ್ಯಾಪಾರ ಮಾಡುತ್ತವೆ.

"ಕಾಕಾ, ಯಾಕ್ರಿ ಬೆರಳ ಹಿಚಕಾಕತ್ತೀರಿ?"

"ಸುಮ್ಕಿರು. ರೇಟ್ ಬಾಯಿಲೆ ಹೇಳಬಾರದು, ಮಂದಿ ಕೇಳ್ತಾರ."

ಅಂಗಡಿಯಲ್ಲಿ ಇವರಿಬ್ಬರನ್ನು ಬಿಟ್ಟರೆ ಒಂದು ಫ್ಯಾನು ಇತ್ತು. "ರೇಟ್ ಡಬ್ಬಿ ಮ್ಯಾಲ ದೊಡ್ಡದಾಗಿ ಬರದೈತಲ್ರಿ!" ಎಂದ ಅಜಿತ.

ಇಷ್ಟು ನಿರ್ಲಜ್ಜ ವ್ಯಾಪಾರವನ್ನು ಶೆಟ್ಟೆಪ್ಪ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕೊನೆಯ ಪರೀಕ್ಷೆಯೆಂದು ರೆಕ್ಕೆಗಳನ್ನು ಬೆರಳಿನಿಂದ ತಿರುವಿ ನೋಡಿದ. ಹುಬ್ಬು ಗಂಟಾಯಿತು. "ತಮ್ಮಾ, ಇದರ ಎರಡು ಸುಳಿ ಬಲಕ್ಕ, ಎರಡು ಎಡಕ್ಕ ಅದಾವ. ಎಡಸುಳಿ ಅಂದ್ರ ದೋಷ."

"ಹಂಗ ಇರಬೇಕ್ರಿ."

ಶೆಟ್ಟೆಪ್ಪ ಮೀಸೆಯಡಿ ನಕ್ಕ. ದೋಷವಿರುವ ಹೋರಿ ಮಾರುವವನು ಇನ್ನೇನು ಹೇಳಿಯಾನು! ದೋಷ ತೆಗೆಯುವುದು ತನಗೆ ಗೊತ್ತೆಂದುಕೊಂಡು, ಡಬ್ಬಿಯ ಮೇಲಿನ ದರವನ್ನೇ ಎಣಿಸಿಕೊಟ್ಟು, ಡ್ರೋನನ್ನೂ ಅದರ ಕನ್ನಡಕವನ್ನೂ ಮನೆಗೆ ತಂದ.

ಮನೆಯಲ್ಲಿ ತಾಯಿ ಅಲ್ಲವ್ವ ಡ್ರೋನಿಗೆ ಭಂಡಾರದ ಅರಿಶಿನ ಹಚ್ಚಿ, ದೃಷ್ಟಿಯಾಗದಿರಲೆಂದು ಲಿಂಬಿಹಣ್ಣು, ಮೆಣಸಿನಕಾಯಿ ತಂದು ಕಟ್ಟಿದಳು. ಕನ್ನಡಕ ಹಾಕಿ ನೋಡಿದರೆ ಲೋಕವೆಲ್ಲ ಹಳದಿ, ನಡುವೆ ತೆಂಗಿನಮರದಂಥ ಒಂದು ಮೆಣಸಿನಕಾಯಿ. ಅವನ್ನು ಬಿಚ್ಚಿಸಿ ತನ್ನ ಕೊರಳಿಗೇ ಕಟ್ಟಿಸಿಕೊಳ್ಳುವಷ್ಟರಲ್ಲಿ ಶೆಟ್ಟೆಪ್ಪನಿಗೆ ಸಾಕಾಯಿತು.

ಹೆಂಡತಿ ಅನ್ನಪೂರ್ಣಾ ಬಾಗಿಲಿಗೆ ಒರಗಿ ಕೇಳಿದಳು: "ಏನ್ರಿ, ಇದಕ್ಕ ಹಿಂಡಿ ಹಾಕೂದೋ, ಹೊಟ್ಟ ಹಾಕೂದೋ?"

"ಕರೆಂಟ್ ಹಾಕೂದು."

"ಹಾಲು?"

ಶೆಟ್ಟೆಪ್ಪ ಆಗಲೇ ಸುಳಿದೋಷ ನಿವಾರಣೆಯಲ್ಲಿ ಮಗ್ನನಾಗಿದ್ದ. ಡಬ್ಬಿಯಲ್ಲಿ ಬಿಡಿ ರೆಕ್ಕೆಗಳಿದ್ದವು. ಎಡಸುಳಿಯ ಎರಡನ್ನು ಕಿತ್ತು ಬಲಸುಳಿಯ ಎರಡನ್ನು ಕೂಡಿಸಿದ. ಈಗ ನಾಲ್ಕೂ ಬಲಸುಳಿ, ಸರ್ವ ಲಕ್ಷಣ ಸಂಪನ್ನ.

ಸರ್ವ ಲಕ್ಷಣ ಸಂಪನ್ನವು ನೆಲದಿಂದ ಗೇಣು ಏಳುವ ಮೊದಲೇ ಪಲ್ಟಿ ಹೊಡೆದು ಅಂಗಾತ ಬಿತ್ತು. ಮತ್ತೆ ಎಬ್ಬಿಸಿದ, ಮತ್ತೆ ಬಿತ್ತು. ಬೆನ್ನ ಮೇಲೆ ಮಲಗಿ ಎಮ್ಮೆಯ ಹಾಗೆ ಹುಡಿಯಲ್ಲಿ ಹೊರಳಾಡಿತು. ಶೆಟ್ಟೆಪ್ಪನ ಕೈ ತಾನಾಗಿಯೇ ಮೀಸೆಗೆ ಹೋಯಿತು. ಮರ್ಯಾದೆ ಬದಿಗಿಟ್ಟು ಅಜಿತನಿಗೆ ಫೋನ್ ಹಚ್ಚಿದ.

"ತಮ್ಮಾ, ಕರಾ ನಿಲ್ಲವಲ್ದು. ಎದ್ದ ಕೂಡ್ಲೆ ಬೀಳಾಕತ್ತೈತಿ."

"ರೆಕ್ಕಿ ಬದಲ ಮಾಡೀರೇನ್ರಿ?"

"ಬದಲ ಅಲ್ಲ. ದೋಷ ತಗದೇನಿ."

ಅಜಿತ ಹಣೆ ಬಡಿದುಕೊಂಡ ಸದ್ದು ಫೋನಿನಲ್ಲೂ ಕೇಳಿತು. "ಕಾಕಾ, ಎರಡು ಆ ಕಡೆ, ಎರಡು ಈ ಕಡೆ ತಿರುಗಿದ್ರನ ಅದು ನೆಟ್ಟಗ ನಿಲ್ಲತೈತ್ರಿ. ನೊಗಕ್ಕ ನೀವು ಎರಡೂ ಎತ್ತು ಬಲಕ್ಕ ಹೂಡ್ತೀರೇನು? ಎಡಕ್ಕೊಂದು, ಬಲಕ್ಕೊಂದು ಬೇಕಲ್ರಿ!"

"ಲೇ, ಇದನ್ನ ಅಂಗಡ್ಯಾಗ ಹೇಳಾಕ ನಿನಗೇನಾಗಿತ್ತೋ!" ಎಂದು ಗದರಿ, ಶೆಟ್ಟೆಪ್ಪ ಎಡಸುಳಿಗಳಿಗೆ ಅವುಗಳ ಸ್ಥಾನ ಮರಳಿಸಿದ.

ಕರು ಎದ್ದಿತು. ನಿಂತಿತು. ಹಾರಿತು! ಈಗ ಬೀಳುವ ಸರದಿ ಶೆಟ್ಟೆಪ್ಪನದು. ಕನ್ನಡಕದೊಳಗೆ ಲೋಕ ಎಡಕ್ಕೆ ವಾಲಿದರೆ ಇವನೂ ಎಡಕ್ಕೆ ವಾಲುವನು. ಡ್ರೋನ್ ಗೋಡೆ ದಾಟಿದಾಗ ಇವನು ಕಾಲು ಎತ್ತುವನು. ಒಮ್ಮೆ ತಗ್ಗಿಗೆ ಇಳಿಯುವಾಗ ತಾನು ಕೂತಿದ್ದ ಹೊರಸಿನ ಮಂಚದಿಂದ ನೇರ ಮೇವಿನ ಬುಟ್ಟಿಗೆ ಇಳಿದ. ಸಂಜೆಯವರೆಗೆ ನೋಡಿದ ಅನ್ನಪೂರ್ಣಾ ಒಳಗೆ ಹೋಗಿ ಎತ್ತಿನ ಹಗ್ಗ ತಂದಳು.

"ಏ, ಏನ್ ಮಾಡ್ತಿ?"

"ಅದು ಮ್ಯಾಲ ಆರಾಮ ಐತಿ. ಬಿಟ್ರ ಓಡೂದು ನೀವ," ಎಂದು ಅವನನ್ನು ಕಂಬಕ್ಕೆ ಬಿಗಿದಳು. ಅಂದಿನಿಂದ ಅವನು ಒಮ್ಮೆಯೂ ಬೀಳಲಿಲ್ಲ.

ಸಂತೆಯ ದಿನ ದನಗಳು ಬರುವ ಮೊದಲೇ ಬಯಲಿನಲ್ಲಿ ಜನ ನೆರೆದರು. ಒಂದು ದಪ್ಪ ಗೂಟ ಆರಿಸಿ ಅನ್ನಪೂರ್ಣಾ ಗಂಡನನ್ನು ಕಟ್ಟಿದಳು. ಮುತ್ತಪ್ಪ ಒಬ್ಬ ಕ್ಷೌರಿಕನನ್ನು ಕರೆತಂದು ಪಕ್ಕದಲ್ಲೇ ಕೂರಿಸಿದ್ದ. ಕತ್ತಿ ಮಸೆಯುವ ಸದ್ದು ಬೇಕೆಂದೇ ಜೋರಾಗಿತ್ತು.

ಡ್ರೋನ್ ಎದ್ದಿತು. ಬಯಲು ದಾಟಿತು, ಬೇವಿನ ಗಿಡವನ್ನು ಸುತ್ತಿತು, ಕಾಗೆಯೊಂದನ್ನು ಅಟ್ಟಿಸಿಕೊಂಡು ಹೋಗಿ ಮತ್ತೆ ದಾರಿಗೆ ಬಂತು. ಜನ ಸಿಳ್ಳೆ ಹೊಡೆದರು. ಮುತ್ತಪ್ಪ ತನ್ನ ಮೀಸೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡ.

ಮರಳುವ ದಾರಿಯಲ್ಲಿ ಶೆಟ್ಟೆಪ್ಪನಿಗೆ ಕನ್ನಡಕದೊಳಗೆ ಒಂದು ವಿಚಿತ್ರ ಕಂಡಿತು. ಕೆಳಗೆ ಯಾವುದೋ ಪ್ರಾಣಿಯನ್ನು ಗೂಟಕ್ಕೆ ಕಟ್ಟಿದ್ದರು. ಕೊರಳಲ್ಲಿ ಲಿಂಬಿಹಣ್ಣು, ಕಣ್ಣಿಗೆ ಡಬ್ಬಿ. ದಲಾಲನ ಕಣ್ಣು ಸುಮ್ಮನಿರಬೇಕಲ್ಲ. ಗಟ್ಟಿಯಾಗಿಯೇ ಬೆಲೆ ಕಟ್ಟಿದ: "ಇದ್ಯಾರ ಜನಾವರಪಾ? ವಯಸ್ಸಾಗೇತಿ. ಹೊಟ್ಟಿ ಜೋತಬಿದ್ದೈತಿ. ದುಡಿಯೂ ಜಾತಿ ಅಲ್ಲ. ಪುಕ್ಕಟ ಕೊಟ್ರೂ ಹೊಡಕೊಂಡ್ ಹೋಗಬ್ಯಾಡ್ರಿ!"

"ಅದನ್ನ ನಮ್ಮಪ್ಪಗ ಯಾರೂ ಹೇಳಲಿಲ್ರಿ," ಎಂದಳು ಪಕ್ಕದಲ್ಲೇ ಅನ್ನಪೂರ್ಣಾ.

ಆಗ ಶೆಟ್ಟೆಪ್ಪನಿಗೆ ಆ ಜನಾವರದ ಮೀಸೆ ಕಂಡಿತು. ಎಲ್ಲೋ ನೋಡಿದ ಮೀಸೆ. ಹತ್ತಿರದಿಂದ ನೋಡಲೆಂದು ಡ್ರೋನನ್ನು ಮುಂದೆ ತಂದ. ಮೀಸೆ ದೊಡ್ಡದಾಯಿತು. ಇನ್ನೂ ದೊಡ್ಡದಾಯಿತು.

"ಅಯ್ಯಯ್ಯೋ, ನಾನಽ!"

ಘರ್‌ರ್ ಎಂದಿತು. ಬಲ ಮೀಸೆ ರೆಕ್ಕೆಗಳೊಳಗೆ ಸುತ್ತಿಕೊಂಡು ಯಂತ್ರ ಬಂದಾಯಿತು. ಡ್ರೋನ್ ಅವನ ಮೂಗಿನ ಕೆಳಗೆ ಬಾವಲಿಯಂತೆ ಜೋತಾಡುತ್ತಿತ್ತು.

"ಬಿತ್ತು!" ಎಂದು ಮುತ್ತಪ್ಪ ಕುಣಿದ.

"ಎಲ್ಲಿ ಬಿದ್ದೈತೋ? ನೆಲಕ್ಕ ಮುಟ್ಟೈತೇನ್ ತೋರಸು! ನನ್ನ ಹಂತ್ಯಾಕ ತರ್ತೇನಿ ಅಂದಿದ್ದೆ, ತಂದೇನಿ!" ಮಾತಾಡಿದಂತೆಲ್ಲ ಡ್ರೋನ್ ತೂಗುತ್ತಿತ್ತು.

ಸಂತೆ ಎರಡು ಪಕ್ಷವಾಯಿತು. ಕೊನೆಗೆ ಅಲ್ಲವ್ವ ಮಗನ ಟವೆಲ್ ಎತ್ತಿ ಇಬ್ಬರ ಕೈ ಮೇಲೆ ಎಸೆದಳು. ಬಾಯಿ ಮುಚ್ಚಿದವು, ಬೆರಳು ಮಾತಾಡಿದವು. ಒತ್ತಿದರು, ಕೊಸರಿದರು, ಒಮ್ಮೆ ಮುತ್ತಪ್ಪ ನರಳಿದ. ಟವೆಲ್ ಸರಿದಾಗ ವ್ಯವಹಾರ ತಲಾ ಅರ್ಧ ಮೀಸೆಗೆ ಕುದುರಿತ್ತು. ಅನ್ನಪೂರ್ಣಾ ಗೂಟದ ಹಗ್ಗ ಬಿಚ್ಚಿದ ಮೇಲೆ ಇಬ್ಬರೂ ಒಟ್ಟಿಗೆ ಕ್ಷೌರಿಕನ ಮುಂದೆ ಕೂತರು. ಶೆಟ್ಟೆಪ್ಪನ ಬಲ ಮೀಸೆ ಡ್ರೋನಿನ ಪಾಲಾಯಿತು. ಮುತ್ತಪ್ಪನ ಎಡ ಮೀಸೆ ಕ್ಷೌರಿಕನ ಕತ್ತಿಗೆ ಹೋಯಿತು.

ಅಲ್ಲಿಂದ ಕೆಲವು ಸಂತೆಗಳವರೆಗೆ ಜನ ಅವರನ್ನು ಬೇರೆ ಬೇರೆಯಾಗಿ ಕಂಡದ್ದಿಲ್ಲ. ಒಬ್ಬೊಬ್ಬನೇ ನಿಂತರೆ ನಗೆಪಾಟಲು. ಭುಜಕ್ಕೆ ಭುಜ ತಾಗಿಸಿ ನಿಂತರೆ, ಇಬ್ಬರ ನಡುವೆ ಪೂರ್ತಿ ಒಂದು ಮೀಸೆ.

"ಎಡಕ್ಕೊಂದು, ಬಲಕ್ಕೊಂದು," ಎಂದು ಅನ್ನಪೂರ್ಣಾ ಆ ದಿನವೇ ಹಗ್ಗ ಸುತ್ತಿಕೊಂಡಿದ್ದಳು. "ಈಗ ನೊಗಕ್ಕ ಹೂಡಬಹುದು ನೋಡ್ರಿ."