ಗಂಗಮ್ಮನ ಚೌಕಾಸಿ

ಮೊನ್ನೆ ಚಾಮರಾಜಪೇಟೆಯ ನನ್ನ ಕ್ಲಿನಿಕ್ಕಿನ ಬೀರು ಒರೆಸುವಾಗ ಹಳೆಯ ರಸೀದಿ ಪುಸ್ತಕವೊಂದು ಕೈಗೆ ಬಂತು. ಕಾರ್ಬನ್ ಕಾಗದದ ವಾಸನೆ ಇನ್ನೂ ಹೋಗಿಲ್ಲ. ನೂರು ಹಾಳೆಯಲ್ಲಿ ಹರಿದಿರುವುದು ಹನ್ನೊಂದೇ. ಮಿಕ್ಕವು ಏಕೆ ಉಳಿದವೆಂದು ಹೇಳಿದರೆ ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ. ಹೋಗಲಿ, ನಿಮ್ಮ ಹತ್ತಿರ ಮುಚ್ಚಿಡುವುದೇನು!

ಡಾಕ್ಟರಿಕೆ ಓದಿ ಮುಗಿಸಿದ ಹೊಸತರಲ್ಲಿ ನಾನು ಬಸವನಗುಡಿಯ ಒಬ್ಬ ಹಿರಿಯ ವೈದ್ಯರ ಬಳಿ ಸೇರಿಕೊಂಡೆ. ಎಲ್ಲರಿಗೂ ಅವರು ದೊಡ್ಡ ಡಾಕ್ಟ್ರು, ಹಾಗಾಗಿ ನಾನು ಸಣ್ಣ ಡಾಕ್ಟ್ರು. ಅವರದೊಂದು ಪದ್ಧತಿ. ರೋಗಿಯನ್ನು ನೋಡಿದ ಮೇಲೆ ಬೆನ್ನು ತಿರುಗಿಸಿ ಕೈ ತೊಳೆಯಲು ನಿಲ್ಲುವರು. ಆ ಹೊತ್ತಿನಲ್ಲಿ ರೋಗಿ ಮೇಜಿನ ಮೇಲಿನ ಮರದ ಪೆಟ್ಟಿಗೆಗೆ ಕೈಲಾದಷ್ಟು ಹಾಕಿ ಹೊರಡಬೇಕು. ಯಾರು ಎಷ್ಟು ಹಾಕಿದರೆಂದು ದೇವರಿಗೂ ತಿಳಿಯದು. ಹೀಗಾದರೆ ಸೋಪಿನ ಖರ್ಚೂ ಹುಟ್ಟುವುದಿಲ್ಲ, ಹತ್ತಿ, ಬ್ಯಾಂಡೇಜು, ಬಾಡಿಗೆಗೆ ಏನು ಗತಿ ಎಂಬುದು ನನ್ನ ಚಿಂತೆ.

ಅವರು ನಾಲ್ಕು ದಿನ ಮಗಳ ಮನೆಗೆ ಹೋದದ್ದೇ ತಡ, ಅವೆನ್ಯೂ ರಸ್ತೆಯಿಂದ ರಸೀದಿ ಪುಸ್ತಕ ತಂದೆ. ಡ್ರೆಸಿಂಗಿಗೆ ಇಪ್ಪತ್ತು ರೂಪಾಯಿ ಎಂದು ಬೋರ್ಡು ತೂಗುಹಾಕಿದೆ. ಆದರೆ ನಾನೇನು ಕಟುಕನೇ? ಬಡವರ ರಸೀದಿಯ ಮೇಲೆ ಕೆಂಪು ಶಾಯಿಯಲ್ಲಿ ‘ಉಚಿತ’ ಎಂದು ಬರೆಯುವುದೆಂದೂ ತೀರ್ಮಾನಿಸಿದೆ.

ಹಾಗೆ ಬರೆಸಿಕೊಂಡವರು ಗಂಗಮ್ಮ, ಗಾಂಧಿ ಬಜಾರಿನಲ್ಲಿ ಹೂ ಮಾರುವವರು. ಸಕ್ಕರೆ ಕಾಯಿಲೆ; ಕಾಲಿನ ಹೆಬ್ಬೆರಳಿನಲ್ಲಿ ಹುಣ್ಣು. ದಿನಾ ಬಂದು ಕಟ್ಟಿಸಿಕೊಳ್ಳಲೇಬೇಕಿತ್ತು. ಸೆರಗಿನ ಗಂಟು ಬಿಚ್ಚುತ್ತಿದ್ದವರನ್ನು ತಡೆದು, ಎಲ್ಲರಿಗೂ ಕೇಳುವಂತೆ, “ಬೇಡಮ್ಮ, ನೀವು ಬಡವರು, ನಿಮ್ಮ ಹತ್ರ ದುಡ್ಡು ತಗೊಳ್ಳಲ್ಲ” ಎಂದೆ. ಬೆಂಚಿನ ಮೇಲೆ ಅವರಿಂದ ದಿನಾ ವರ್ತನೆ ಹೂ ತೆಗೆದುಕೊಳ್ಳುವವರೇ ಇಬ್ಬರು ಕುಳಿತಿದ್ದರು. ಗಂಗಮ್ಮ ರಸೀದಿಯನ್ನು ಮುಟ್ಟದೆ ಹೊರಟರು. ನನಗೋ, ಪುಣ್ಯ ಕಟ್ಟಿಕೊಂಡ ಹೆಮ್ಮೆ.

ಮಾರನೆಯ ದಿನ ಅವರು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ವಾಪಸು ಬಂದ ದೊಡ್ಡ ಡಾಕ್ಟ್ರು ಆ ರಸೀದಿಯನ್ನು ನೋಡಿ, ನನ್ನನ್ನು ನೋಡಿ, “ಬೆರಳು ತೆಗೀಬೇಕಾಗಿ ಬಂದ್ರೆ ಆಪರೇಷನ್ನಿಗೆ ಎಷ್ಟಾಗುತ್ತೆ ಗೊತ್ತೇನಯ್ಯ? ಅದಕ್ಕೂ ಉಚಿತ ಅಂತ ಬರೀತೀಯಾ? ಹೋಗು, ನೀನೇ ಕರ್ಕೊಂಡ್ಬಾ” ಎಂದರು. ನನಗೆ ಆಗಲೇ ಹೆದರಿಕೆ ಹತ್ತಿದ್ದು.

ಬಜಾರಿನಲ್ಲಿ ಗಂಗಮ್ಮ ಕಾಲಿಗೆ ಹಳೆ ಬಟ್ಟೆ ಸುತ್ತಿಕೊಂಡು ಮಲ್ಲಿಗೆ ಅಳೆಯುತ್ತಿದ್ದರು.

“ನಾನು ಹೂವು ಮಾರೋಳು ಸಾಮಿ, ಕೈ ಚಾಚೋಳಲ್ಲ.”

“ತಪ್ಪಾಯ್ತಮ್ಮ. ಇಪ್ಪತ್ತು ರೂಪಾಯಿ ಕೊಟ್ಟೇ ಕಟ್ಟಿಸ್ಕೊಳ್ಳಿ.”

“ಹತ್ತಿ ಸುತ್ತೋಕೆ ಇಪ್ಪತ್ತಾ! ಐದು ಮಾಡಿ.”

“ಹದಿನೈದು.”

“ಏಳು. ಅದೂ ನೀವು ಇಷ್ಟು ದೂರ ನಡ್ಕೊಂಡ್ ಬಂದಿದೀರಿ ಅಂತ.”

ಏಳಕ್ಕೆ ಕುದುರಿತು. ಪಕ್ಕದ ತರಕಾರಿಯವರು ನಕ್ಕರು. ನನಗೆ ಕಣ್ಣು ತುಂಬುವಷ್ಟು ಸಂತೋಷ. ಮೂರು ವಾರ, ಒಂದು ದಿನವೂ ತಪ್ಪಿಸದೆ ಬಂದು, ಏಳು ರೂಪಾಯಿಯನ್ನು ಬೆಂಚಿನವರಿಗೆಲ್ಲ ಕೇಳುವಂತೆ ಎಣಿಸಿಕೊಟ್ಟರು. ಏಳರಲ್ಲಿ ಹತ್ತಿಯ ಖರ್ಚು ಹುಟ್ಟಿತು, ಬ್ಯಾಂಡೇಜಿನದು ಹುಟ್ಟಲಿಲ್ಲ; ಆ ಕೊರತೆಯನ್ನು ಉಳ್ಳವರು ಪೆಟ್ಟಿಗೆಗೆ ಹಾಕಿದ ಕಾಸು ತುಂಬಿತು. ಬೆರಳು ಉಳಿಯಿತು. ದೊಡ್ಡ ಡಾಕ್ಟ್ರು ರಸೀದಿ ಪುಸ್ತಕವನ್ನು ನನ್ನ ಚೀಲಕ್ಕೆ ತುರುಕಿ, “ಇಟ್ಕೋ, ಬುದ್ಧಿ ಬರ್ಲಿ” ಎಂದರು.

ಬಂತೆಂದೇ ನನ್ನ ನಂಬಿಕೆ. ಇವತ್ತು ಬೆಳಿಗ್ಗೆ ಮತ್ತಿಕೆರೆಯ ಟೈಲರೊಬ್ಬರು ನಾನು ಬರೆದುಕೊಟ್ಟ ಪರೀಕ್ಷೆಗಳಿಗೆ ಎಷ್ಟಾಗುತ್ತದೆಂದು ಬೆರಳಲ್ಲಿ ಎಣಿಸಿ, ಚೀಟಿಯನ್ನು ಮಡಿಸತೊಡಗಿದರು. ಹಾಗೆ ಮಡಿಸುವವರು ಮತ್ತೆ ಬರುವುದಿಲ್ಲ. ಹೊರಗೆ ಕೇಳಿಸದಂತೆ ಎದ್ದು ಬಾಗಿಲು ಹಾಕಿದೆ. “ನಾಲ್ಕರಲ್ಲಿ ಇವೆರಡು ಬೇಕೇ ಬೇಕು. ಮಿಕ್ಕವು ನನ್ನ ಸಮಾಧಾನಕ್ಕೆ ಬರೆದದ್ದು, ಬಿಡಿ” ಎಂದು ಚೀಟಿ ಇಸಿದುಕೊಂಡು ಮಿಕ್ಕೆರಡನ್ನು ಹೊಡೆದುಹಾಕಿ ಕೊಟ್ಟೆ.

ಅವರು ಚೀಟಿಯನ್ನು ತಿರುಗಿಸಿ ನೋಡಿದರು. “ಹಂಗಾದ್ರೆ ನಿಮ್ಮ ಫೀಸೂ ಒಂಚೂರು ಕಮ್ಮಿ ಮಾಡ್ಕೊಳ್ಳಿ ಡಾಕ್ಟ್ರೇ. ಇನ್ನೂರು ಕೊಡ್ತೀನಿ. ಸೋಮವಾರ ರಿಪೋರ್ಟ್ ತಂದಾಗ ಮತ್ತೆ ಕೇಳ್ಬೇಡಿ.”

ಮುನ್ನೂರಕ್ಕೆ ಸ್ವಲ್ಪ ಹಟ ಮಾಡಿ, ಇನ್ನೂರಕ್ಕೇ ಒಪ್ಪಿಕೊಂಡೆ. ಸೋಮವಾರ ಎಂದರಲ್ಲ, ನಿಮಗೂ ಕೇಳಿಸಿತಲ್ಲ?