ಅಕ್ಕ ಹೇಳಿದ ಹೆಸರು

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಗುಲಾಬಿ ಬಣ್ಣದ್ದು. ಹಾಗೆಂದು ಉಗುರಿಗೆ ಬಣ್ಣ ಹಚ್ಚಿಕೊಳ್ಳುವ ಹೆಂಗಸಲ್ಲ ಆಕೆ. ನವಲಗುಂದದ ತಗಡಿನ ಟಾಕೀಜಿನಲ್ಲಿ ಹೆಣ್ಣುಮಕ್ಕಳ ಬಾಗಿಲಿಗೆ ಕೂತು ದಿನಾ ತಿಕೀಟು ಹರಿಯುತ್ತಿದ್ದಳು. ಆ ಅಗ್ಗದ ಕಾಗದದ ಬಣ್ಣ ಬೆವರಿಗೆ ಕರಗಿ ಉಗುರಿನ ಸಂದಿಗೆ ಇಳಿದುಬಿಟ್ಟಿತ್ತು. ಸೀಗೆಪುಡಿ ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ.

ನಮ್ಮ ಓಣಿಯವಳೇ. ಗಂಡ ತೀರಿದ ಮೇಲೆ ಟಾಕೀಜಿನ ಮಾಲಕರು ಕರೆದು ಆ ಕೆಲಸ ಕೊಟ್ಟಿದ್ದರು. ಓದು ಬರಹ ಬರುತ್ತಿರಲಿಲ್ಲ. ನಾನೋ ಬಿ.ಎ. ಮುಗಿಸಿ ಕೆಲಸ ಸಿಗದೆ ಹುಡುಗರಿಗೆ ಪಾಠ ಹೇಳಿಕೊಂಡಿದ್ದೆ. ಹುಬ್ಬಳ್ಳಿಯ ಒಂದು ವಾರಪತ್ರಿಕೆಗೆ ಆಗೊಮ್ಮೆ ಈಗೊಮ್ಮೆ ಸಿನಿಮಾ ಸುದ್ದಿ ಬರೆಯುತ್ತಿದ್ದೆ. ಎಂಬತ್ತರ ದಶಕದ ನಡುವಿನ ಮಾತು.

ಬೆಂಗಳೂರಿನ ಒಂದು ಸಿನಿಮಾ ಪತ್ರಿಕೆ ಆಗ ಪ್ರತಿವರ್ಷ ಪ್ರಶಸ್ತಿ ಕೊಡುತ್ತಿತ್ತು. ಸಮಾರಂಭಕ್ಕೆ ಮೊದಲು, ಯುಗಾದಿಯ ಸುಮಾರಿಗೆ, ಒಂದೊಂದು ವಿಭಾಗಕ್ಕೆ ಐದೈದು ಹೆಸರು ಆರಿಸಿ ಅಚ್ಚು ಹಾಕುತ್ತಿತ್ತು. ಆ ಹೆಸರುಗಳನ್ನು ದೀಪಾವಳಿಗೇ ಊಹಿಸಿ ಬರೆದರೆ ಹೇಗೆ ಎಂದು ನನಗೊಂದು ಹುಕಿ ಬಂತು. ಚಹಾದ ಅಂಗಡಿಯ ಗೆಳೆಯರು ನಕ್ಕರು. “ಕೂಸು ಹುಟ್ಟೂದಕ್ಕಿಂತ ಮೊದ್ಲ ಕುಲಾವಿ ಹೊಲಸೂ ಮಂದೀನ ನೋಡಿದ್ವಿ. ಇವಾ ಯಾರದೋ ಕೂಸಿಗೆ ಹೊಲಸಾಕ ಹತ್ಯಾನಲೇ!” ಅಂದರು. ನಗದೆ ಕೇಳಿಸಿಕೊಂಡು, ಹೆಸರು ಹೇಳಿಕೊಡಲು ಮುಂದಾದವಳು ಅಕ್ಕ ಒಬ್ಬಳೇ.

ವಿಚಿತ್ರವೆಂದರೆ ಆಕೆ ಸಿನಿಮಾ ನೋಡುತ್ತಲೇ ಇರಲಿಲ್ಲ. ಹೊಸ್ತಿಲ ಆಚೆ ಸ್ಟೂಲು ಹಾಕಿಕೊಂಡು ಪರದೆಯತ್ತ ಗಮನವಿಲ್ಲದೆ ಕೂತಿರುತ್ತಿದ್ದಳು. ಮಾತು, ಹಾಡು ಕಿವಿಗೆ ಬೀಳುತ್ತಿದ್ದವು, ಅಷ್ಟೇ. ಕೂಸು ಅತ್ತರೆ ತಾಯಿ ಎತ್ತಿಕೊಂಡು ಹೊರಗೆ ಬರಬೇಕು ಎಂಬುದು ನಮ್ಮ ಟಾಕೀಜಿನ ಪದ್ಧತಿ. ತಡಮಾಡಿದರೆ ಗಂಡಸರ ಕಡೆಯಿಂದ ಸೀಟಿ ಬೀಳುತ್ತಿತ್ತು. ಅಕ್ಕ ನೋಡುತ್ತಿದ್ದದ್ದು ಆ ತಾಯಂದಿರನ್ನು.

“ಪರದಾ ನೋಡಿದ್ರ ಮೋಸ ಹೋಗ್ತೀ ತಮ್ಮಾ, ಅಲ್ಲಿ ಎಲ್ಲಾರೂ ಚಂದನ ಕಾಣತಾರ,” ಎಂದಿದ್ದಳು. “ಕೂಸಿನ್ನ ಎತಗೊಂಡು ಬಂದಾಕಿ ಸೀದಾ ನೀರಿನ ಹಂಡೇದ ಕಡೆ ಹೋದ್ಲಂದ್ರ, ಪರದಾದ ಮ್ಯಾಗ ಇರಾಕಿ ಬರೇ ಸೀರಿ ಉಟ್ಟಾಳ ಅಂತ ತಿಳಕೋ. ಹೊಸ್ತಿಲದಾಗ ನಿಂತು, ಕೂಸಿನ್ನ ತಟ್ಟಗೋತ ತಿರುಗಿ ನೋಡಿದ್ಲಂದ್ರ ಆ ಹೆಸರು ಬರಕೋ.”

ಬರೆದುಕೊಂಡೆ. ಮೊದಲ ವರ್ಷವೇ ನಮ್ಮ ಪಟ್ಟಿಯ ಮುಕ್ಕಾಲು ಪಾಲು ಹೆಸರು ನಿಜವಾದವು. ಮರುವರ್ಷ ಇನ್ನೂ ಹೆಚ್ಚು. “ನಿಮ್ಮ ಕಣ್ಣು ಅಗದಿ ಸೂಕ್ಷ್ಮ ಅದ ನೋಡ್ರಿ,” ಎಂದು ಸಂಪಾದಕರು ಬೆನ್ನು ಚಪ್ಪರಿಸಿದರು. ಯಾರ ಕಣ್ಣು ಎಂದು ನಾನು ಬಾಯಿ ಬಿಡಲಿಲ್ಲ. ಪಟ್ಟಿಯ ಕೆಳಗೆ ನನ್ನ ಹೆಸರು ದಪ್ಪ ಅಕ್ಷರದಲ್ಲಿ ಬರುತ್ತಿತ್ತು. ಅದನ್ನು ನೋಡುವುದೇ ಒಂದು ಸುಖವಾಗಿತ್ತು. ಮೂರನೆಯ ವರ್ಷ ಅವರು, “ಈ ಸಲಾನೂ ಪಟ್ಟಿ ಸರಿ ಬಂತಂದ್ರ ನಮ್ಮ ಆಫೀಸಿನಾಗ ಒಂದು ಕುರ್ಚಿ ನಿಮ್ದs,” ಅಂದರು.

ಆ ಮಳೆಗಾಲದಲ್ಲಿ ಒಂದು ಚಿತ್ರ ಬಂತು. ಅದರಲ್ಲಿ ಮನೆಗೆಲಸದ ಹೆಂಗಸಿನದೊಂದು ಸಣ್ಣ ಪಾತ್ರ. ಮಾಡದ ತಪ್ಪಿಗೆ ಕೆಲಸ ಬಿಡಿಸುತ್ತಾರೆ. ಹೊರಟವಳು ಬಾಗಿಲ ತನಕ ಹೋಗಿ ತಿರುಗಿ ಬಂದು, ಬೆಕ್ಕು ಬಾಯಿ ಹಾಕೀತೆಂದು ಹಾಲಿನ ಪಾತ್ರೆಗೆ ಮುಚ್ಚಳ ಹಾಕಿ ಹೋಗುತ್ತಾಳೆ. ಮಾಡಿದವಳು ಯಾರಿಗೂ ಗೊತ್ತಿಲ್ಲದ ನಟಿ, ಪೋಸ್ಟರಿನಲ್ಲಿ ಮುಖವಿಲ್ಲ. ಅಕ್ಕ ಆಪರೇಟರನನ್ನು ಕಾಡಿ, ಶುರುವಿನಲ್ಲಿ ಬರುವ ಅಕ್ಷರಗಳನ್ನು ಅವನಿಂದ ಓದಿಸಿ ಆ ಹೆಸರು ಬಾಯಿಪಾಠ ಮಾಡಿಕೊಂಡಿದ್ದಳು.

“ತಮ್ಮಾ, ಈ ಹೆಸರು ಮಾತ್ರ ಬಿಡಬ್ಯಾಡ.”

“ಎಷ್ಟರ ಐತಿ ಅಕ್ಕಾ ಆ ಪಾತ್ರ? ಹತ್ತು ನಿಮಿಷಾನೂ ಇಲ್ಲ.”

“ಆ ಹತ್ತು ನಿಮಿಷದಾಗ ಏಳು ಕೂಸು ಅತ್ತಾವು. ಏಳು ಮಂದೀನೂ ಹೊಸ್ತಿಲಾ ದಾಟಲಿಲ್ಲ.” ಆಮೇಲೆ ದನಿ ತಗ್ಗಿಸಿ ಕೇಳಿದಳು, “ಪೇಪರಿನಾಗ ಬಂದ್ರ ಆಕೀ ಓದತಾಳಲ್ಲ? ನಾವು ಇಲ್ಲಿ ನಿಂತು ನೋಡೀವಿ ಅಂಬೂದು ಆಕೀಗೆ ಗೊತ್ತಾಗಬೇಕ ನೋಡು.”

ಆಕೆ ನನ್ನಿಂದ ಕೇಳಿದ್ದು ಅದೊಂದೇ. ನಾನು ಮನೆಗೆ ಬಂದು ಹೆಸರು ಬರೆದೆ, ನೋಡಿದೆ, ಹೊಡೆದು ಹಾಕಿದೆ. ಆ ಜಾಗದಲ್ಲಿ ಒಬ್ಬ ಹೆಸರಾಂತ ತಾರೆಯನ್ನು ಕೂರಿಸಿದೆ. ಕುರ್ಚಿಯ ಆಸೆ. ಯಾರೋ ಆಳಿನ ಪಾತ್ರದವಳನ್ನು ಬರೆದು ನಗೆಪಾಟಲಾಗುವ ಧೈರ್ಯ ನನ್ನಲ್ಲಿರಲಿಲ್ಲ.

ಪತ್ರಿಕೆ ಬಂದ ದಿನ ಅಕ್ಕ ಓದಿಸಿದಳು. ಇಲ್ಲದ ಹೆಸರನ್ನು ಇದ್ದಂತೆ ಓದಿದೆ. “ಎಲ್ಲಿ ಐತಿ, ತೋರಸು,” ಅಂದಳು. ತಾರೆಯ ಹೆಸರಿನ ಮೇಲೆ ಬೆರಳಿಟ್ಟೆ. ಆಕೆ ಬಗ್ಗಿ ಬಹಳ ಹೊತ್ತು ನೋಡಿ, “ಚಂದ ಐತಿ ಬಿಡು ಹೆಸರು,” ಅಂದಳು. ಉಂಡ ಮನೆಯ ಗಳ ಎಣಿಸುವುದು ಎಂದರೆ ಏನೆಂದು ನನಗೆ ಅವತ್ತು ತಿಳಿಯಿತು.

ಯುಗಾದಿಗೆ ನಿಜವಾದ ಪಟ್ಟಿ ಬಂತು. ಆ ನಟಿ ಅದರಲ್ಲಿದ್ದಳು, ತಾರೆ ಇರಲಿಲ್ಲ. ಮಿಕ್ಕ ಹೆಸರುಗಳು ಸರಿಯಿದ್ದುದರಿಂದ ನನಗೆ ಕೆಲಸವೇನೋ ಸಿಕ್ಕಿತು.

ಅಲ್ಲಿಂದ ಮುಂದೆ ನಾನು ಹುಬ್ಬಳ್ಳಿಯಿಂದ ಊರಿಗೆ ಬಂದಾಗಲೆಲ್ಲ ಅಕ್ಕನದು ಒಂದೇ ಪ್ರಶ್ನೆ. “ಆಕೀ ಕಾಗದ ಏನರ ಬಂತೇನ?” ಎಲ್ಲರಿಗಿಂತ ಮೊದಲು ತನ್ನನ್ನು ಗುರುತಿಸಿದ ಊರಿಗೆ ಆ ನಟಿ ಎರಡು ಸಾಲು ಬರೆದೇ ಬರೆಯುತ್ತಾಳೆ ಎಂದು ಆಕೆಯ ಲೆಕ್ಕ. “ಇನ್ನಾ ಇಲ್ಲಕ್ಕಾ,” ಅನ್ನುತ್ತಿದ್ದೆ. ಒಮ್ಮೆ ಆಫೀಸಿನಲ್ಲಿ ಕೂತು ಆ ಎರಡು ಸಾಲನ್ನು ನಾನೇ ಬರೆದು, ನಾಚಿಕೆಯಾಗಿ ಹರಿದು ಹಾಕಿದ್ದೂ ಉಂಟು.

ಎರಡು ವರ್ಷ ಕಳೆದ ಮೇಲೆ ಅಕ್ಕ ಕೇಳುವುದನ್ನು ಬಿಟ್ಟಳು. ಆ ವರ್ಷ ಅದೇ ನಟಿಯ ಇನ್ನೊಂದು ಚಿತ್ರ ಬಂತು. ಹೆಣ್ಣುಮಕ್ಕಳು ಹೊಸ್ತಿಲಲ್ಲಿ ನಿಂತದ್ದನ್ನು ನಾನೇ ಕಣ್ಣಾರೆ ಕಂಡೆ. ಆದರೆ ಅಕ್ಕ ಹೇಳಿದ ಹೆಸರುಗಳಲ್ಲಿ ಆಕೆಯದು ಇರಲಿಲ್ಲ. ಕೇಳಿದರೆ, “ದೊಡ್ಡಾಕಿ ಆಗ್ಯಾಳ. ಎರಡು ಸಾಲು ಬರ್ಯಾಕ ಆಗವಲ್ತು, ನನ್ನ ಬಾಯಾಗ ಆಕೀ ಹೆಸರ್ಯಾಕ?” ಅಂದು ಮುಖ ತಿರುಗಿಸಿದಳು. ಹೆಣ್ಣುಮಕ್ಕಳ ಮುಖ ನೋಡಿ ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದವಳು ಅಕ್ಕ. ನನ್ನ ಸುಳ್ಳು ಆಕೆಯ ಆ ನಿಷ್ಠುರತೆಯನ್ನೇ ಕೆಡಿಸಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ.

ದಸರೆ ಕಳೆಯುತ್ತಿದ್ದಂತೆ ಅಕ್ಕ ಹಾಸಿಗೆ ಹಿಡಿದಳು. ಡಾಕ್ಟರರು ಕೈ ಚೆಲ್ಲಿದ್ದಾರೆಂದು ತಿಳಿದು ಹೋದೆ. ಮಂಚದ ಬಾಜು ಕೂತು, ಇನ್ನು ತಡೆಯಲಾರದೆ ಹೇಳಿಬಿಟ್ಟೆ. “ಅಕ್ಕಾ, ಆ ಹೆಸರು ನಾ ಹೊಡದು ಹಾಕಿದ್ದೆ. ಪೇಪರಿನಾಗ ಬಂದಿದ್ದs ಇಲ್ಲ. ನಿನ್ನ ಮುಂದ ಸುಳ್ಳು ಓದಿದೆ.”

ಬೈಯಲಿ ಎಂದು ತಲೆ ತಗ್ಗಿಸಿ ಕಾದೆ. ಅಕ್ಕ ಜಂತಿ ನೋಡುತ್ತ, “ಹಂಗಾರ ಆಕೀದೇನೂ ತಪ್ಪಿಲ್ಲ,” ಅಂದಳು.

“ಇಲ್ಲಕ್ಕಾ.”

“ಸುಮ್ನ ಆಕೀ ಮ್ಯಾಗ ಸಿಟ್ಟಾದೆನಲ್ಲೋ. ಮೊನ್ನೀ ಸಿನೇಮಾಕ್ಕೂ ಹೆಣ್ಣಮಕ್ಕಳು ನಿಂತಿದ್ರು. ನಾ ಮುಚ್ಚಿಟ್ಟೆ.” ನನ್ನ ಕಿಸೆಯ ಪೆನ್ನಿನತ್ತ ನೋಡಿದಳು. “ಬರಿ. ನನ್ನ ಮುಂದs ಬರಿ, ಆಕೀ ಹೆಸರು ಎಲ್ಲಾರಕಿಂತ ಮ್ಯಾಗ ಬರಿ.”

ಬರೆದೆ. ನನ್ನ ತಪ್ಪಿನ ಬಗ್ಗೆ ಆಕೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ಪಟ್ಟಿ ಅಚ್ಚಾಗುವ ಮೊದಲೇ ಅಕ್ಕ ತೀರಿಕೊಂಡಳು. ಆ ಸಲ ಪಟ್ಟಿಯ ಕೆಳಗೆ ನನ್ನ ಹೆಸರು ಹಾಕಲು ಬಿಡಲಿಲ್ಲ. ಅದರದೊಂದು ಪ್ರತಿಯನ್ನು ಆ ನಟಿಗೆ ಕಳಿಸಿದೆ. ಜೊತೆಗೆ ಹೊಸ್ತಿಲಲ್ಲಿ ನಿಂತವರ ವಿಷಯ, ನಿಂತವರನ್ನು ನೋಡಿದವಳ ವಿಷಯ, ನಾನು ಮಾಡಿದ ಕೆಲಸ, ಎಲ್ಲವನ್ನೂ ಬರೆದೆ. ಅಕ್ಕ ಇಲ್ಲ ಎಂಬುದೊಂದನ್ನು ಮಾತ್ರ ಬರೆಯಲು ಕೈ ಬರಲಿಲ್ಲ.

ಹದಿನೈದು ದಿನಕ್ಕೆ ಉತ್ತರ ಬಂತು. ನಾನು ಮಾಡಿದ ಕೆಲಸದ ಬಗ್ಗೆ ಒಂದಕ್ಷರವೂ ಇರಲಿಲ್ಲ. ಅಕ್ಕನಿಗೆ ಎರಡು ಸಾಲು ಬರೆದು, ಕೆಳಗೆ ನನ್ನ ಸಲುವಾಗಿ “ದಯವಿಟ್ಟು ಅವರಿಗೆ ಓದಿ ಹೇಳಿ” ಎಂದಿದ್ದಳು.