ಒದ್ದೆ ಪರದೆಯ ಹಿಂಬದಿ

ನಮ್ಮ ಸೋದರಮಾವ ಸಿನಿಮಾ ತೋರಿಸುವಾಗ ಸಿನಿಮಾ ನೋಡುತ್ತಿರಲಿಲ್ಲ, ಜನರ ಮುಖ ನೋಡುತ್ತಿದ್ದ. ಮುಂಬೈಯಲ್ಲಿ ಯಾರದೋ ಕೈಕೆಳಗೆ ಕೆಲಸ ಕಲಿತು, ಕೈಯಿಂದ ತಿರುಗಿಸುವ ಹಳೆಯ ಕ್ಯಾಮೆರಾ ಒಂದನ್ನು ಹೊತ್ತುಕೊಂಡು ಕಲಬುರಗಿಗೆ ಬಂದಿದ್ದ. ಆಗ ನಿಜಾಮರ ರಾಜ್ಯ. ಸಿನಿಮಾಕ್ಕೆ ಇನ್ನೂ ಬಾಯಿ ಬಂದಿರಲಿಲ್ಲ. ಸ್ಟೇಷನ್ನಿಗೆ ರೈಲು ಬರುವುದು, ಕಮಲಾಪುರದ ಸಂತೆಯ ಎತ್ತುಗಳು, ಹೀಗೆ ಕಂಡಕಂಡದ್ದನ್ನೆಲ್ಲ ತೆಗೆದು, ನಡುನಡುವೆ ಉರ್ದುವಿನಲ್ಲಿ ನಾಲ್ಕು ಮಾತು ಬರೆದು, ಮೋಮಿನಪುರದ ಹತ್ತಿರದ ಒಂದು ಬಯಲಿನಲ್ಲಿ ತೋರಿಸುತ್ತಿದ್ದ.

"ಸಿನಿಮಾ ಒಂದs ಇರ್ತದ ತಂಗೆವ್ವಾ, ಒಬ್ಬೊಬ್ಬರು ಒಂದೊಂದು ನೋಡ್ತಾರ," ಎಂದು ನಮ್ಮವ್ವನ ಮುಂದೆ ಹೇಳಿ ಹೇಳಿ ಬೆರಗಾಗುತ್ತಿದ್ದ. ರೈಲ್ವೆಯ ಬಿಳಿ ದೊರೆ ಕುರ್ಚಿ ಹಾಕಿಸಿಕೊಂಡು ಕೂತು ಇಂಜಿನ್ ಒಂದನ್ನೇ ನೋಡಿ ಎದ್ದುಹೋದನಂತೆ. ಸಾಲಿ ಕಲಿತ ಹುಡುಗರು ಚಿತ್ರ ಬಿಟ್ಟು ಅಕ್ಷರ ಓದುತ್ತಿದ್ದರು, ಅದೂ ಊರಿಗೆಲ್ಲ ಕೇಳುವ ಹಾಗೆ. ಕಮಲಾಪುರದ ಮುದುಕರು ಎತ್ತಿನ ಹಲ್ಲು ಕಾಣಲಿಲ್ಲ ಎಂದು ಬೈಯುತ್ತಿದ್ದರು. ಯಾರು ಏನು ನೋಡುತ್ತಾರೆ, ಯಾಕೆ ನೋಡುತ್ತಾರೆ ಎಂಬುದೇ ಅವನ ತಲೆಗೆ ಹತ್ತಿದ ಹುಳ. ಆದರೆ ಅವನು ಮುಖ ನೋಡಿದ್ದೆಲ್ಲ ಗಂಡಸರದು. ಹೆಂಗಸರಾದ ನಾವು ಕೂರುತ್ತಿದ್ದುದು ಪರದೆಯ ಹಿಂದೆ. ಬೆಳಕು ಹಾಯಲಿ ಎಂದು ಆ ಬಟ್ಟೆಗೆ ನೀರು ಚಿಮುಕಿಸುತ್ತಿದ್ದರು. ಅದರ ಹಿಂಬದಿಯಿಂದ ನಾವು ನೋಡುತ್ತಿದ್ದೆವು. ಬುರ್ಖಾದವರು, ಸೆರಗು ಹೊದ್ದವರು, ಎಲ್ಲ ಒಂದೇ ಜಮಖಾನದ ಮೇಲೆ.

ನಮ್ಮಕ್ಕ ಎಡಚಿ. ನಮ್ಮ ಮನೆಯಲ್ಲಿ ಅದನ್ನು ಗಟ್ಟಿಯಾಗಿ ಹೇಳುವಂತಿರಲಿಲ್ಲ. ಅವ್ವ ಅವಳ ಎಡಗೈಗೆ ಬಟ್ಟೆ ಸುತ್ತಿ ರೊಟ್ಟಿ ಬಡಿಸುವುದನ್ನು ಕಲಿಸಿದ್ದಳು. ಬಲಗೈಲಿ ನೀಡುತ್ತಿದ್ದಳು ನಿಜ, ಆದರೆ ಗಡಿಬಿಡಿಯಾದರೆ ಎಡಗೈಯೇ ಮುಂದೆ ಬರುತ್ತಿತ್ತು. ಮಾವ ನಮ್ಮ ಪಡಸಾಲೆಯಲ್ಲಿ ಊಟದ ಪಂಕ್ತಿಯನ್ನು ತೆಗೆದ ದಿನ ಆದದ್ದೂ ಅದೇ. ಉಣ್ಣುವವರ ಬೆನ್ನು ಮಾತ್ರ ಕಾಣುವ ಹಾಗೆ ಕ್ಯಾಮೆರಾ ಇಟ್ಟಿದ್ದ. ಅದು ಗಿರಗಿರ ಎನ್ನತೊಡಗಿದ್ದೇ ತಡ, ಅಕ್ಕ ಬೆದರಿ ಸಾಲುಸಾಲಾಗಿ ಎಲ್ಲರಿಗೂ ಎಡಗೈಲೇ ರೊಟ್ಟಿ ಹಾಕುತ್ತಾ ಬಂದಳು.

ಅವ್ವ ಹಣೆ ಹಣೆ ಬಡಿದುಕೊಂಡಳು. ಆಗ ಕಮಲಾಪುರದ ಒಂದು ಮನೆಯಿಂದ ಅಕ್ಕನಿಗೆ ನಂಟಸ್ತನ ಬಂದಿತ್ತು. ಆ ಮನೆಯಲ್ಲಿ ನಡೆಯುತ್ತಿದ್ದುದು ಹುಡುಗನ ತಾಯಿಯ ಮಾತು, ಆಕೆಯೋ ಮಡಿ ಆಚಾರ ಅಂದರೆ ಪ್ರಾಣ ಬಿಡುವವಳು. "ಅದನ್ನ ಕತ್ತರಿಸಿ ಒಗಿ ಅಣ್ಣಾ, ನಿನ್ನ ಕಾಲ್ ಬೀಳ್ತೀನಿ," ಎಂದಳು ಅವ್ವ. ಮಾವ ಕೇಳಲಿಲ್ಲ. "ಇಡೀ ಸಿನಿಮಾದಾಗ ಚೊಲೋ ಬಂದದ್ದು ಅದೊಂದs. ಕೈ ಯಾರ್ ನೋಡ್ತಾರ?" ಎಂದ. ಕಲಿತವರ ಹಟ ಅಂದರೆ ಹಟ.

ಆಟದ ದಿನ ಕಮಲಾಪುರದವರು ಬಂಡಿ ಕಟ್ಟಿಕೊಂಡು ಕೆಂಪು ಬಾಳೆಯ ಗೊನೆ ಸಮೇತ ಬಂದೇಬಿಟ್ಟರು. ಆ ತಾಯಿ ಪರದೆಯ ಹಿಂದೆ ಅವ್ವನ ಪಕ್ಕದಲ್ಲೇ ಕೂತಳು. ಮೋಮಿನಪುರದ ಒಬ್ಬ ಬೀಬಿ, ನಮ್ಮಲ್ಲೆಲ್ಲ ಓದು ಬಲ್ಲವಳು ಆಕೆ ಒಬ್ಬಳೇ, ಅಕ್ಷರ ಬಂದಾಗಲೆಲ್ಲ "ಯೇ ಉರ್ದು ನೈ ಹೈ ಅಮ್ಮಾ," ಇದು ಉರ್ದು ಅಲ್ಲವೇ ಅಲ್ಲ, ಎನ್ನುತ್ತಿದ್ದಳು. ಓದಿದ್ದು ಮರೆತಿರಬೇಕೆಂದು ನಾವು ನಕ್ಕೆವು. ಆಮೇಲೆ ನಮ್ಮ ಪಡಸಾಲೆ ಬಂತು. ಅವ್ವ ಕಣ್ಣು ಮುಚ್ಚಿದಳು. ನಾನು ಮುಚ್ಚಲಿಲ್ಲ. ಏನು ನೋಡಲಿ? ಅಕ್ಕ ಎಲ್ಲರಿಗೂ ಬಲಗೈಲೇ ನೀಡುತ್ತಿದ್ದಾಳೆ!

"ಅಗದೀ ಪದ್ಧತಿಶೀರ ನೀಡ್ತಾಳ ನೋಡ್ರಿ ನಿಮ್ಮ ಹುಡುಗಿ," ಎಂದಳು ಆ ತಾಯಿ. ಅವ್ವ ಕಣ್ಣು ಬಿಟ್ಟು ನೋಡಿ, ಶರಣಬಸವಪ್ಪನ ಗುಡಿಯ ದಿಕ್ಕಿಗೆ ಕೈ ಮುಗಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ತೊಡೆ ಚಿವುಟಿ, "ಸುಮ್ ಕುಂದ್ರು. ಶರಣಬಸವಪ್ಪ ಮಾಡಿದ್ದನ್ನ ಹೊರಗ ಆಡಬಾರ್ದು," ಎಂದು ಕಿವಿಯಲ್ಲಿ ಹೇಳಿದಳು. ಗಂಡಸರ ಕಡೆ ಯಾರೂ ಏನೂ ಅನ್ನಲಿಲ್ಲ. ಮಾವ ಹೇಳಿದ್ದು ಖರೆ, ಅವರು ಕೈ ನೋಡಿರಲಿಲ್ಲ. ಮದುವೆ ಆಗಿಹೋಯಿತು.

ಸುಗ್ಗಿಯ ಹೊತ್ತಿಗೆ ಬೀಗತಿಯ ಬಂಡಿ ಮತ್ತೆ ನಮ್ಮ ಬಾಗಿಲಿಗೆ ಬಂತು. ಬಾಳೆಗೊನೆ ಇರಲಿಲ್ಲ. ಅಕ್ಕ ಇದ್ದಳು, ಅವಳ ಸೀರೆಯ ಗಂಟೂ ಇತ್ತು. ರಾಶಿ ಮಾಡಲು ಬಂದವರಿಗೆ ಬಡಿಸುವ ಗದ್ದಲದಲ್ಲಿ ಎಡಗೈ ಮುಂದೆ ಬಂದಿತ್ತಂತೆ.

"ಬರದಿದ್ರ ಕಲಿಸ್ತಿದ್ದೆ," ಎಂದಳು ಬೀಗತಿ. "ಬರ್ತದ ಅಕಿಗೆ! ಸಿನಿಮಾದಾಗ ಊರ ಮುಂದ ಬಲಗೈಲೆ ನೀಡಿದಾಕಿ, ನನ್ನ ಮನ್ಯಾಗ ಎಡಗೈಲೆ ನೀಡ್ತಾಳ. ಇದು ಸೊಕ್ಕಲ್ಲದ ಮತ್ತೇನ್ರಿ? ಇಟ್ಕೋರಿ ನಿಮ್ಮ ಮಗಳನ್ನ."

ಅಪ್ಪ ಮೆಲ್ಲಗೆ, "ಪೂಜಾದಾಗ ಲಿಂಗ ಹಿಡಿಯೋದೂ ಎಡಗೈಯಾಗs ಅಲ್ಲೇನ್ರಿ?" ಎಂದು ನೋಡಿದ. "ಲಿಂಗ ಹಿಡಿಯೋ ಕೈಲೆ ರೊಟ್ಟಿ ನೀಡ್ರಿ ಅಂತ ಯಾರ್ ಹೇಳ್ಯಾರ್ರಿ?" ಎಂದಳು. ಅಕ್ಕ ಕಂಬಕ್ಕೆ ಒರಗಿ ಕಣ್ಣೀರು ಸುರಿಸುತ್ತಿದ್ದಳು. ತಿರುಗಿ ಬಂದ ಹೆಣ್ಣಿನ ಬಾಳು ಏನೆಂದು ನಮಗೆಲ್ಲ ಗೊತ್ತಿತ್ತು.

ಮಾವ ಮಾತ್ರ ತಲೆ ಕೆರೆದುಕೊಳ್ಳುತ್ತಾ ನಿಂತಿದ್ದ. "ಅಕ್ಕಾರ, ನನ್ನ ಸಿನಿಮಾದಾಗ ಆಕಿ ನೀಡಿದ್ದು ಎಡಗೈಲೆ. ನಾನs ತಗದೀನಿ."

"ನಾ ನನ್ನ ಕಣ್ಣೀಲೆ ನೋಡೀನಿ!"

ದೀಪ ಹಚ್ಚುವ ಹೊತ್ತಿಗೆ ನಮ್ಮ ಅಂಗಳದಲ್ಲೇ ಪರದೆ ಕಟ್ಟಿದರು. ಗಂಡಸರು ಮುಂದೆ, ನಾವು ಹಿಂದೆ, ಎಂದಿನ ಹಾಗೆ. ಪರದೆಯ ಮೇಲೆ ಅಕ್ಕ ರೊಟ್ಟಿ ಹಿಡಿದು ಬಂದಳು. "ನೋಡ್ರಿ, ಬಲಗೈ!" ಎಂದು ಬೀಗತಿ ಹಿಂದಿನಿಂದ ಕೂಗಿದಳು. "ಎಡಗೈ ಅದ ರೀ!" ಎಂದು ಮುಂದಿನಿಂದ ಮಾವ.

"ನಿಮ್ಮ ಕಣ್ಣಿಗೇನ್ ಬಂದದ?" ಎನ್ನುತ್ತಾ ಬೀಗತಿ ಎದ್ದೇಬಿಟ್ಟಳು. ಸೆರಗು ಎಳೆದುಕೊಂಡು, ಪರದೆಯ ಸುತ್ತ ಬಳಸಿ, ಗಂಡಸರ ಕಡೆ ಹೋಗಿ ನಿಂತಳು. ಎಂದಾದರೂ ಹೆಂಗಸು ಅಲ್ಲಿ ಕಾಲಿಟ್ಟದ್ದುಂಟೇ! ಅಪ್ಪ ಮುಖ ತಿರುಗಿಸಿಕೊಂಡ. "ಇನ್ನೊಮ್ಮೆ ತಿರುಗಸ್ರಿ," ಎಂದಳು. ನೋಡಿದಳು. ಹಿಂದೆ ಬಂದು ನೋಡಿದಳು. ಮತ್ತೆ ಮುಂದೆ ಹೋದಳು. ಆಗ ನನಗೂ ಹೊಳೆಯಿತು: ಪಾಪ, ಆ ಬೀಬಿ ಏನನ್ನೂ ಮರೆತಿರಲಿಲ್ಲ.

ಈಗ ಅಕ್ಕನ ಕಥೆ ಮುಗಿಯಿತು ಎಂದುಕೊಂಡೆ. ಬೀಗತಿ ತಿರುಗಿಬಿದ್ದದ್ದು ಮಾವನ ಮೇಲೆ.

"ಇಷ್ಟ್ ದಿನ ನಮಗ ಹಿಂದ ಕುಂಡ್ರಿಸಿ ಎಲ್ಲಾ ಉಲ್ಟಾ ತೋರ್ಸೀರೇನ್ರಿ?"

"ನಾ ಎಂದೂ ಹಿಂದ ಕುಂತು ನೋಡಿಲ್ರಿ ಅಕ್ಕಾರ," ಎಂದ ಮಾವ. ಅವನ ದನಿ ಸಣ್ಣಗಾಗಿತ್ತು. "ತಿಳೀಬೇಕಾಗಿತ್ತು. ವಿಚಾರನs ಮಾಡ್ಲಿಲ್ಲ."

"ಎಲ್ಲಾರ ಮಾರಿ ನೋಡ್ತೀರಂತ. ನಮ್ಮನ್ನ ಒಮ್ಮೆರೆ ಕೇಳೀರಿ? ಏಳ್ರಿ, ಗಂಡಸರೆಲ್ಲಾ ಹಿಂದ ನಡೀರಿ. ಇವತ್ತು ನಾವು ಮುಂದ ಕುಂತು ನೋಡ್ತೀವಿ."

ಎದ್ದರು! ಅಪ್ಪನೂ ಎದ್ದ. ಹಿಂದೆ ಕೂತು ಉರ್ದು ಓದಲು ಹೋಗಿ, "ಇದೇನು ಬರ್ದದೋ," ಎಂದು ತಡಕಾಡಿದ. ನಾನು ನಕ್ಕೂ ನಕ್ಕೂ ಸಾಕಾದೆ. ಅಕ್ಕ ನಗಲಿಲ್ಲ. ಅವಳ ಸೀರೆಯ ಗಂಟು ಇನ್ನೂ ಪಡಸಾಲೆಯಲ್ಲೇ ಬಿದ್ದಿತ್ತು.

ಆಮೇಲೆ ಊಟಕ್ಕೆ ಕೂತೆವು. ಅಕ್ಕ ರೊಟ್ಟಿಯ ಬುಟ್ಟಿ ಹಿಡಿದು ಅತ್ತೆಯ ಮುಂದೆ ಬಂದಳು. ಎಡಗೈಲಿ ರೊಟ್ಟಿ ತೆಗೆದವಳು ಗಾಬರಿಯಾಗಿ ಬಲಗೈಗೆ ಬದಲಿಸಹೋದಳು.

"ಇರ್ಲಿ ಬಿಡು," ಎಂದು ಬೀಗತಿ ತಾಟು ಮುಂದೆ ಚಾಚಿದಳು. "ಅವತ್ತು ನಾ ನೋಡಿ ಮೆಚ್ಚಿದ್ದು ಇದs ಕೈ. ಹಾಕು."